ಉಪ್ಪಿನ ನಾಡು, ಹವಳದ ತೀರ

ದ್ವಾರಕೆಯೆಂದೊಡನೆ ಕನ್ನಡಿಗರ ಮನಸ್ಸು ಉಡುಪಿಯತ್ತ ಹರಿಯುವುದು ಸಹಜ. ದ್ವಾರಕೆಯಲ್ಲಿ ಪೂಜೆಗೊಂಡ ಬಾಲಕೃಷ್ಣನ ಮೂರ್ತಿ ಗೋಪೀಚಂದನದ ಹೆಂಟೆಯೊಳಗೆ ಅಡಗಿ, ಹಡಗೊಂದರ ತಳದ ಭಾರವಾಗಿ ಪಡುವಣ ಕಡಲನ್ನು ದಾಟಿ ಬಂದು, ಮಲ್ಪೆಯ ತೀರದಲ್ಲಿ ಶ್ರೀ ಮಧ್ವಾಚಾರ್ಯರ ಕೈ ಸೇರಿತೆಂಬ ಐತಿಹ್ಯ ನಮ್ಮ ನಾಡಿನಲ್ಲಿ ಮನೆಮಾತು. ಕಥೆ ಕೇಳುವವರ ಗಮನವೆಲ್ಲ ಮೂರ್ತಿಯ ಮೇಲಿರುತ್ತದೆ; ಅದನ್ನು ಹೊದಿಸಿಕೊಂಡಿದ್ದ ಮಣ್ಣಿನ ವಿಚಾರವನ್ನು ಕೇಳುವವರು ವಿರಳ. ಹಳದಿ ಛಾಯೆಯ ಆ ನಯವಾದ ಜೇಡಿಮಣ್ಣಿಗೆ ಇಂದಿಗೂ ದ್ವಾರಕೆಯಿಂದ ಸುಮಾರು ೨೦ ಕಿಲೋಮೀಟರು ದೂರದ ಗೋಪಿ ತಲಾವ್ ಹೆಸರಾಗಿದೆ. ಯಾತ್ರಿಕರು ಅದರ ಗಟ್ಟಿಗಳನ್ನು ಕೊಂಡು ಊರಿಗೆ ಒಯ್ಯುತ್ತಾರೆ.

ಮಣ್ಣು, ಉಪ್ಪು, ಸುಣ್ಣದ ಕಲ್ಲು, ಶಂಖ, ಚಿಪ್ಪು—ಗುಜರಾತಿನ ಪಶ್ಚಿಮದ ತುದಿಯಲ್ಲಿರುವ ಓಖಾಮಂಡಲವು ಹೊರನಾಡಿನವರಿಗೆ ಕೊಡುತ್ತ ಬಂದಿರುವುದು ಇಂಥ ವಸ್ತುಗಳನ್ನೇ. ಮಳೆ ಕಡಿಮೆ, ಗಾಳಿ ಹೆಚ್ಚು; ಉಪ್ಪಿನ ಅಂಶ ಬೆರೆತ ನೆಲದಲ್ಲಿ ಪೈರಿಗಿಂತ ಜಾಲಿಯೇ ಹೆಚ್ಚು ಸುಖವಾಗಿ ಬೆಳೆಯುತ್ತದೆ. ಇಂಥ ನಾಡನ್ನು ಹುಡುಕಿಕೊಂಡು ಹೋಗುವವರು ಹಿಂದೆ ಎರಡೇ ಬಗೆ: ದೇವರನ್ನರಸುವ ಯಾತ್ರಿಕರು, ಉಪ್ಪನ್ನರಸುವ ವರ್ತಕರು. ಈಚಿನ ವರ್ಷಗಳಲ್ಲಿ ಈ ನಾಡಿನ ಸರಕಿನ ಹಂಗಿಗೆ ಬಿದ್ದಿರುವ ಮೂರನೆಯ ಬಗೆಯವರೂ ಇದ್ದಾರೆ. ಅವರಲ್ಲಿ ಹಲವರಿಗೆ ಈ ಸಂಗತಿಯೇ ತಿಳಿದಿಲ್ಲ. ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಯಿಟ್ಟು, ಅದರಲ್ಲಿ ಕಡಲನ್ನೇ ಸಾಕಲು ಹೊರಟ ಹವ್ಯಾಸಿಗಳು ಅವರು.

ತೊಟ್ಟಿಯೊಳಗಿನ ಕಡಲು

ಬಣ್ಣದ ಮೀನುಗಳ ಗಾಜಿನ ತೊಟ್ಟಿಯನ್ನು ಕಾಣದವರಿಲ್ಲ. ಆದರೆ ಹವಳದ ತೊಟ್ಟಿಯ ಮಾತೇ ಬೇರೆ. ಇಲ್ಲಿ ಹವಳವೆಂದರೆ ನವರತ್ನಗಳ ಉಂಗುರದಲ್ಲಿ ಕೂಡುವ ಕೆಂಪು ಹರಳಲ್ಲ. ಬೆಚ್ಚಗಿನ ಕಡಲಿನ ಆಳವಿಲ್ಲದ ನೀರಿನಲ್ಲಿ ದಿಬ್ಬಗಳನ್ನೇ ಕಟ್ಟುವ ಸಣ್ಣ ಪ್ರಾಣಿಗಳ ಸಮೂಹ. ಒಂದೊಂದು ಜೀವಿಯೂ ಮೆತ್ತಗಿನ ಹೂವಿನಂತಿರುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಬುಡಕ್ಕೆ ಕಲ್ಲಿನ ಪೀಠವನ್ನು ಕಟ್ಟಿಕೊಳ್ಳುವುದು ಅದರ ಸ್ವಭಾವ. ತಲೆಮಾರಿನ ಮೇಲೆ ತಲೆಮಾರು ಹೀಗೆ ಕಟ್ಟಿದ ಪೀಠಗಳೇ ಹವಳದ ದಿಬ್ಬಗಳು.

ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿವೆ. ಅವುಗಳಲ್ಲಿ ಹೆಚ್ಚಿನ ಪಾಲು ನಾವು ಉಣ್ಣುವ ಉಪ್ಪೇ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು ೪೨೦ ಮಿಲಿಗ್ರಾಂ. ಮೆಗ್ನೀಸಿಯಂ ಸುಮಾರು ೧,೩೦೦ ಮಿಲಿಗ್ರಾಂ. ಇವುಗಳ ಜೊತೆಗೆ ಕಾರ್ಬೊನೇಟಿನ ಸಣ್ಣ ಸಂಗ್ರಹವೂ ಉಂಟು. ಅಪಾರವಾದ ಕಡಲಿನಲ್ಲಿ ಹವಳ ಎಷ್ಟು ಹೀರಿದರೂ ಕೊರತೆ ಕಾಣುವುದಿಲ್ಲ. ಆದರೆ ನೂರಿನ್ನೂರು ಲೀಟರಿನ ತೊಟ್ಟಿಯಲ್ಲಿ ಹವಳ ಬೆಳೆಯತೊಡಗಿದರೆ ದಿನದಿನಕ್ಕೂ ನೀರಿನ ಬಂಡವಾಳ ಕರಗುತ್ತದೆ. ತೆಗೆದಷ್ಟನ್ನು ತುಂಬಿಕೊಡದಿದ್ದರೆ ಬೆಳವಣಿಗೆ ನಿಲ್ಲುತ್ತದೆ; ಹವಳ ಬಿಳಿಚಿಕೊಂಡು ಸಾಯುವುದೂ ಉಂಟು.

ಈ ಕೊರತೆಯನ್ನು ತುಂಬುವ ದ್ರಾವಣಗಳು ಸೀಸೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಬೆಲೆ ಮಾತ್ರ ಮಧ್ಯಮ ವರ್ಗದ ಕೈಗೆ ಭಾರ. ಸೀಸೆಯೊಳಗಿನ ವಸ್ತುವಾದರೋ ಬಹುಮಟ್ಟಿಗೆ ಸಾಮಾನ್ಯ ಲವಣಗಳೇ. ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಅವರು ೨೦೦೬ರಲ್ಲಿ ಪ್ರಕಟಿಸಿದ ಪಾಕವೊಂದು ಹವ್ಯಾಸಿಗಳ ಮನೆಗಳಲ್ಲಿ ಹೆಸರಾಗಿದೆ. ಒಂದು ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು ೩.೮ ಲೀಟರು ಶುದ್ಧ ನೀರಿಗೆ ೫೦೦ ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್—ಇದು ಮೊದಲನೆಯ ಪಾತ್ರೆ. ಅಷ್ಟೇ ನೀರಿಗೆ ೫೯೪ ಗ್ರಾಂ ಅಡಿಗೆ ಸೋಡ—ಇದು ಎರಡನೆಯದು. ಸೋಡವನ್ನು ಮಾತ್ರ ಮೊದಲು ತಟ್ಟೆಯಲ್ಲಿ ಹರಡಿ, ಸುಮಾರು ೧೫೦ ಡಿಗ್ರಿ ಸೆಂಟಿಗ್ರೇಡಿನ ಒಲೆಯಲ್ಲಿ ಒಂದು ಗಂಟೆ ಕಾಯಿಸಬೇಕು. ಆಗ ಅದರೊಳಗಿನ ನೀರೂ ಇಂಗಾಲಾಮ್ಲವೂ ಹಾರಿಹೋಗಿ, ೫೯೪ ಗ್ರಾಂ ಪುಡಿ ಸುಮಾರು ೩೭೫ ಗ್ರಾಂಗೆ ಇಳಿದು, ಅಡಿಗೆ ಸೋಡವಿದ್ದದ್ದು ಸೋಡಾ ಆಶ್ ಆಗುತ್ತದೆ. ಮೆಗ್ನೀಸಿಯಂ ಬೇಕಾದಾಗ ಕೊಡುವ ಮೂರನೆಯ ಪಾತ್ರೆಯಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಎಪ್ಸಂ ಉಪ್ಪೂ ಬೆರೆತಿರುತ್ತವೆ.

ಮೊದಲೆರಡು ಪಾತ್ರೆಗಳನ್ನು ನೇರವಾಗಿ ಬೆರೆಸಿದರೆ ಕ್ಷಣದಲ್ಲಿ ಸುಣ್ಣದ ಹಾಲಿನಂಥ ಬಿಳುಪು ಏಳುತ್ತದೆ. ಆದುದರಿಂದ ಅವನ್ನು ತೊಟ್ಟಿಯ ಬೇರೆಬೇರೆ ಕಡೆ, ಬೇರೆಬೇರೆ ಹೊತ್ತಿನಲ್ಲಿ, ಸ್ವಲ್ಪಸ್ವಲ್ಪವಾಗಿ ಬಿಡುವುದು ಪದ್ಧತಿ. ಮೆಗ್ನೀಸಿಯಂ ನೀರಿನಲ್ಲಿದ್ದು ಆ ಸುಣ್ಣ ಅಕಾಲದಲ್ಲಿ ಕಲ್ಲಾಗದಂತೆ ತಡೆಯುತ್ತದೆ. ಕಟ್ಟುವ ಕೆಲಸ ಹವಳದ್ದೇ ಆಗಬೇಕಲ್ಲದೆ ನೀರಿನದ್ದಾಗಬಾರದು.

ಸಾಮಗ್ರಿಗಳನ್ನು ಆಯುವುದರಲ್ಲಿಯೇ ಇಲ್ಲಿನ ಜಾಣತನವೆಲ್ಲ ಅಡಗಿದೆ. ಅಡಿಗೆ ಸೋಡವನ್ನು ಕೇಳಿದರೆ ಕೆಲವು ಅಂಗಡಿಗಳಲ್ಲಿ ಬೇಕಿಂಗ್ ಪೌಡರನ್ನು ಕಟ್ಟಿಕೊಡುತ್ತಾರೆ. ಅದರಲ್ಲಿ ಹುಳಿಯ ಲವಣವೂ ಹಿಟ್ಟೂ ಸೇರಿರುವುದರಿಂದ ತೊಟ್ಟಿಗೆ ಒಗ್ಗದು. ಸ್ನಾನಕ್ಕೆಂದು ಮಾರುವ ಎಪ್ಸಂ ಉಪ್ಪಿಗೆ ಅತ್ತರು ಬೆರೆಸಿರುವುದುಂಟು. ರಸ್ತೆಯ ಹಿಮ ಕರಗಿಸಲೆಂದು ಚೀಲಗಳಲ್ಲಿ ಬರುವ ಕ್ಲೋರೈಡುಗಳು ಅಗ್ಗವೇನೋ ಸರಿ. ಅವುಗಳೊಡನೆ ಅಮೋನಿಯ ಬಂದರೆ ಮೀನಿಗೆ ಕೇಡು, ತಾಮ್ರದ ಲೇಶ ಬಂದರೂ ಹವಳಕ್ಕೆ ಮೃತ್ಯು. ಆಹಾರಕ್ಕೋ ಔಷಧಕ್ಕೋ ಯೋಗ್ಯವೆಂದು ಮುದ್ರೆ ಬಿದ್ದ ಸರಕನ್ನೇ ಕೊಳ್ಳಬೇಕೆಂಬುದು ಬಲ್ಲವರ ಮಾತು. ಕ್ಯಾಲ್ಸಿಯಂ ಕ್ಲೋರೈಡು ನೀರಿಗೆ ಬಿದ್ದೊಡನೆ ಬಿಸಿಯೇಳುವುದರಿಂದ ಕೈಗೆ ಗವಸು ತೊಟ್ಟು, ಮಕ್ಕಳನ್ನು ದೂರವಿಟ್ಟು ಕಲಸಬೇಕು.

ಈ ಪುಡಿಗಳ ಜಾಡನ್ನು ಹಿಡಿದು ಹೊರಟವನು ಔಷಧದ ಅಂಗಡಿಯ ಮುಂದೆ ನಿಲ್ಲುವಂತಿಲ್ಲ. ಎಪ್ಸಂ ಉಪ್ಪಿನ ಹೆಸರು ಇಂಗ್ಲೆಂಡಿನ ಸರ್ರೆ ಸೀಮೆಯ ಎಪ್ಸಂ ಊರಿನದು. ಅಲ್ಲಿನ ಬುಗ್ಗೆಯ ನೀರನ್ನು ಹಸುಗಳು ಮೂಸಿ ಬಿಟ್ಟುದನ್ನು ನೋಡಿ ೧೭ನೆಯ ಶತಮಾನದಲ್ಲಿ ಅದರ ಔಷಧಗುಣ ತಿಳಿಯಿತೆಂದು ಕಥೆಯುಂಟು. ಆದರೆ ಭಾರತದ ಮಟ್ಟಿಗೆ ಉಪ್ಪಿನ ಮುಕ್ಕಾಲು ಪಾಲೂ ಸೋಡದ ಬಹುಪಾಲೂ ಗುಜರಾತಿನವು. ಜಾಡು ಹಿಡಿದವನು ಅತ್ತಲೇ ಹೋಗಬೇಕು.

ಖಾರಾಘೋಡದ ಬಿಳಿ ಬಯಲು

ಅಹಮದಾಬಾದಿನಿಂದ ವೀರಂಗಾಮದ ಮೇಲೆ ಸುಮಾರು ೧೦೦ ಕಿಲೋಮೀಟರು ಸಾಗಿದರೆ ಖಾರಾಘೋಡ. ಊರಿನಾಚೆ ಸ್ವಲ್ಪ ದೂರ ನಡೆದರೆ ಮರವಿಲ್ಲ, ಗುಡ್ಡವಿಲ್ಲ, ಹುಲ್ಲಿನ ಗರಿಯೂ ಇಲ್ಲ. ಸುಮಾರು ೫,೦೦೦ ಚದರ ಕಿಲೋಮೀಟರು ಹರಡಿರುವ ಕಛ್ಛದ ಸಣ್ಣ ರಣ ಇಲ್ಲಿಂದ ಮೊದಲಾಗುತ್ತದೆ. ಮಳೆಗಾಲದಲ್ಲಿ ಇದು ಮೊಳಕಾಲುದ್ದದ ನೀರಿನ ಹರವು. ನಡುನಡುವೆ ತಲೆಯೆತ್ತಿದ ದಿಣ್ಣೆಗಳನ್ನು ಜನ ‘ಬೇಟ್’, ಎಂದರೆ ದ್ವೀಪ ಎನ್ನುತ್ತಾರೆ. ನೀರಿಳಿದ ಮೇಲೆ ಬಿರುಕುಬಿಟ್ಟ ಬೂದು ಕೆಸರು. ಅದರ ಮೇಲೆ ಬಿಸಿಲ್ಗುದುರೆ. ಕಾಡುಕತ್ತೆಗಳ ಹಿಂಡು ಈ ಬಯಲಿನಲ್ಲಿ ಓಡುವ ಸೊಗಸನ್ನು ನೋಡಲೆಂದೇ ದೂರದೂರದಿಂದ ಜನ ಬರುತ್ತಾರೆ. ಭಾರತದ ಕಾಡುಕತ್ತೆಗೆ ಉಳಿದಿರುವ ಮುಖ್ಯ ಆಶ್ರಯ ಇದೊಂದೇ.

ಕತ್ತೆಗಳನ್ನು ನೋಡಿ ಹಿಂದಿರುಗುವ ಪ್ರವಾಸಿಗೆ ಅಗರಿಯಾ ಜನ ಕಣ್ಣಿಗೆ ಬೀಳದೆ ಇರಬಹುದು. ಮಳೆ ನಿಂತು ನೀರು ಬತ್ತುತ್ತಿದ್ದಂತೆ ಈ ಉಪ್ಪಿನ ರೈತರು ಹೆಂಡಿರು ಮಕ್ಕಳೊಡನೆ, ಪಾತ್ರೆಪಡಗ ಹೇರಿಕೊಂಡು ರಣದೊಳಕ್ಕೆ ಇಳಿಯುತ್ತಾರೆ. ಬೇಸಗೆ ಮುಗಿಯುವವರೆಗೆ ಅಲ್ಲಿಯೇ ಗುಡಿಸಲು. ನೆಲದಡಿಯ ನೀರು ಕಡಲಿನದಕ್ಕಿಂತ ಹಲವು ಪಾಲು ಹೆಚ್ಚು ಉಪ್ಪು. ಬಾವಿ ತೋಡಿ, ಆ ನೀರನ್ನೆತ್ತಿ, ಕಾಲಿನಿಂದಲೇ ತುಳಿದು ಹದಗೊಳಿಸಿದ ಮಡಿಗಳಿಗೆ ಹಾಯಿಸುತ್ತಾರೆ. ದಿನವೂ ಹಲ್ಲುಗಳುಳ್ಳ ಮರದ ಕುಂಟೆಯಿಂದ ಮಡಿಯನ್ನು ಕೆದಕುತ್ತ, ಹರಳು ದಪ್ಪವಾಗುವಂತೆ ತಿಂಗಳುಗಟ್ಟಲೆ ಪೋಷಿಸುತ್ತಾರೆ. ಹಿಂದೆ ನೀರೆತ್ತುವ ಡೀಸೆಲ್ ಯಂತ್ರಕ್ಕೇ ಆದಾಯದ ದೊಡ್ಡ ಪಾಲು ಸುರಿದುಹೋಗುತ್ತಿತ್ತು. ಈಚೆಗೆ ಬಿಸಿಲಿನಿಂದಲೇ ನಡೆಯುವ ಪಂಪುಗಳು ಬಂದು ಆ ಹೊರೆ ಕೆಲವರಿಗೆ ಇಳಿದಿದೆ. ಕುಡಿಯುವ ನೀರು ಮಾತ್ರ ಇಂದಿಗೂ ಹೊರಗಿನಿಂದ ಟ್ಯಾಂಕರಿನಲ್ಲಿ ಬರಬೇಕು.

ಉಪ್ಪಿನಲ್ಲಿಯೇ ನಿಂತು ನಿಂತು ಅಗರಿಯರ ಪಾದಗಳು ಕಲ್ಲಿನಂತಾಗುತ್ತವೆ. ಚಿತೆಯ ಬೆಂಕಿಗೂ ಅವು ಸುಡುವುದಿಲ್ಲವೆಂದೂ, ಉಳಿದ ಪಾದಗಳನ್ನು ಉಪ್ಪಿನೊಡನೆ ಹೂಳುತ್ತಾರೆಂದೂ ಆ ಸೀಮೆಯಲ್ಲಿ ಹೇಳುತ್ತಾರೆ. ತಲೆಮಾರುಗಳಿಂದ ದುಡಿದ ನೆಲವಾದರೂ ಅದು ಅಭಯಾರಣ್ಯದ ಪಾಲಾಗಿರುವುದರಿಂದ ಅವರ ಹೆಸರಿನಲ್ಲಿ ಪಹಣಿಯಿಲ್ಲ. ಮುಂಗಡ ಕೊಟ್ಟ ವರ್ತಕನೇ ಬೆಲೆಯನ್ನೂ ಕಟ್ಟುವುದು ರೂಢಿ. ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಿದ್ದರೆ ಇಡೀ ವರ್ಷದ ಬೆಳೆ ನೀರಿನಲ್ಲಿ ಕರಗಿಹೋಗುತ್ತದೆ—ಅದು ಬರಿಯ ಅಲಂಕಾರದ ಮಾತಲ್ಲ.

ಕಡಲ ನೀರು ಬತ್ತುವಾಗ ಲವಣಗಳು ಒಂದು ಕ್ರಮದಲ್ಲಿ ಕೆಳಗಿಳಿಯುತ್ತವೆ: ಮೊದಲು ಸುಣ್ಣ, ಅನಂತರ ಜಿಪ್ಸಂ, ನೀರು ಹತ್ತನೆಯ ಒಂದು ಪಾಲಿಗೆ ಇಳಿದಾಗ ಉಪ್ಪು. ಉಪ್ಪನ್ನು ಬಾಚಿಕೊಂಡ ಮೇಲೂ ಮಡಿಯಲ್ಲಿ ಎಣ್ಣೆಯಂಥ ಕಹಿಯಾದ ನೀರೊಂದು ಉಳಿಯುತ್ತದೆ. ಮೆಗ್ನೀಸಿಯಮ್ಮೂ ಬ್ರೋಮಿನ್ನೂ ಅಡಗಿರುವುದು ಈ ಕಹಿನೀರಿನಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಿಂದ ಬರುತ್ತಿದ್ದ ಮೆಗ್ನೀಸಿಯಂ ಕ್ಲೋರೈಡು ನಿಂತುಹೋಗಿ ನಮ್ಮ ಬಟ್ಟೆಯ ಗಿರಣಿಗಳು ಕಂಗೆಟ್ಟಾಗ, ಖಾರಾಘೋಡದ ಕಹಿನೀರನ್ನು ಕುದಿಸಿ ಅದನ್ನು ಪಡೆಯುವ ಉದ್ಯಮ ಇಲ್ಲಿ ಬೇರೂರಿತು. ನೂಲಿಗೆ ಗಂಜಿಹಾಕುವಾಗ ಸೇರಿಸುತ್ತಿದ್ದ ಆ ವಸ್ತುವೇ ನೆಲಹಾಸಿನ ಸಿಮೆಂಟಿಗೆ ಬೇಕು. ಜಪಾನಿನಲ್ಲಿ ಸೋಯಾ ಹಾಲನ್ನು ಒಡೆಸಿ ತೋಫು ಕಟ್ಟಲೂ ಬೇಕು. ಹವಳದ ತೊಟ್ಟಿಯ ಮೂರನೆಯ ಪಾತ್ರೆಗೂ ಬೇಕು.

ಉಪ್ಪಿನ ಇಂಥ ಉಪಫಲಗಳ ಶಾಸ್ತ್ರಕ್ಕಾಗಿಯೇ ಮೀಸಲಾದ ಸಂಸ್ಥೆಯೊಂದು ಭಾವನಗರದಲ್ಲಿದೆ. ೧೯೫೪ರ ಏಪ್ರಿಲ್ ೧೦ರಂದು ಪಂಡಿತ ಜವಾಹರಲಾಲ ನೆಹರು ಅವರು ಆರಂಭಿಸಿದ ಈ ಕೇಂದ್ರೀಯ ಲವಣ ಸಂಶೋಧನ ಸಂಸ್ಥೆಯಲ್ಲಿ, ಉಪ್ಪು ಬಾಚಿದ ಮೇಲೆ ಚೆಲ್ಲಿಹೋಗುತ್ತಿದ್ದ ನೀರಿನಿಂದ ಏನನ್ನೆಲ್ಲ ಪಡೆಯಬಹುದೆಂಬುದೇ ಮುಖ್ಯ ವ್ಯಾಸಂಗಗಳಲ್ಲಿ ಒಂದು.

‘ಸಿಹಿ’ಯ ಊರು

ಜಾಮನಗರದಿಂದ ಪಶ್ಚಿಮಕ್ಕೆ ಹೊರಟ ರೈಲು ದ್ವಾರಕೆಯನ್ನು ಮುಟ್ಟಿ, ಅಲ್ಲಿಂದ ಓಖಾ ಬಂದರಿನತ್ತ ತಿರುಗುತ್ತದೆ. ನಡುವೆ ಸಿಗುವ ನಿಲ್ದಾಣ ಮಿಠಾಪುರ. ಹೆಸರು ಕೇಳಿ ಮಿಠಾಯಿಯ ನೆನಪಾದರೆ ತಪ್ಪಿಲ್ಲ. ಗುಜರಾತಿಯಲ್ಲಿ ‘ಮೀಠು’ ಎಂದರೆ ಸಿಹಿಯೂ ಹೌದು, ಉಪ್ಪೂ ಹೌದು. ಉಪ್ಪಿಲ್ಲದ ಅಡಿಗೆ ಸಪ್ಪೆಯಾದ್ದರಿಂದ, ರುಚಿ ಕೊಡುವ ವಸ್ತುವನ್ನೇ ಸಿಹಿಯೆಂದು ಕರೆದಿರಬೇಕು. ಊರಿಗೆ ಮುನ್ನವೇ ಎರಡೂ ಕಡೆ ಕನ್ನಡಿ ಹಾಸಿದಂಥ ಉಪ್ಪಿನ ಮಡಿಗಳು ಕಾಣುತ್ತವೆ. ಚರಕಲಾ ಎಂಬಲ್ಲಿ ಆ ಮಡಿಗಳ ತೆಳುನೀರಿನಲ್ಲಿ ಗುಲಾಬಿ ಬಣ್ಣದ ರಾಜಹಂಸಗಳು ಸಾಲುಗಟ್ಟಿ ನಿಂತಿರುತ್ತವೆ.

ಈ ಸೀಮೆ ಹಿಂದೆ ಬರೋಡದ ಗಾಯಕವಾಡರ ಆಳ್ವಿಕೆಗೆ ಸೇರಿತ್ತು. ೧೯೨೭ರಲ್ಲಿ ಕಪಿಲರಾಮ ವಕೀಲರು ಇಲ್ಲಿ ಓಖಾ ಉಪ್ಪಿನ ಕಾರ್ಖಾನೆಯನ್ನು ತೆರೆದರು. ಬರಿಯ ಉಪ್ಪಲ್ಲದೆ ಅದರಿಂದ ಸೋಡವನ್ನೂ ಮಾಡಬೇಕೆಂಬ ಹಂಬಲ ಬೆಳೆದು, ೧೯೩೯ರಲ್ಲಿ ಟಾಟಾ ಕೆಮಿಕಲ್ಸ್ ಸಂಸ್ಥೆ ಹುಟ್ಟಿತು. ಇಂದು ಇದು ಕಾರ್ಖಾನೆ, ವಸತಿ, ಶಾಲೆ, ಆಸ್ಪತ್ರೆಗಳೆಲ್ಲ ಒಟ್ಟಿಗೆ ಬೆಳೆದ ಊರು. ೧೯೮೩ರಲ್ಲಿ ಪೊಟ್ಟಣಕಟ್ಟಿ ಮಾರಾಟಕ್ಕೆ ಬಂದ ಇಲ್ಲಿನ ಅಯೊಡಿನ್ ಬೆರೆತ ಉಪ್ಪು ದೇಶದ ಬಹುಪಾಲು ಗೃಹಿಣಿಯರಿಗೆ ಪರಿಚಿತ.

ಗಾಜಿನ ತಯಾರಿಕೆಗೂ ಸಾಬೂನು ಪುಡಿಗೂ ಬೇಕಾಗುವ ಸೋಡಾ ಆಶ್ ಇಲ್ಲಿ ಹುಟ್ಟುವ ರೀತಿಯನ್ನು ಬೆಲ್ಜಿಯಂನ ಅರ್ನೆಸ್ಟ್ ಸೋಲ್ವೆ ೧೮೬೦ರ ದಶಕದಲ್ಲಿ ರೂಢಿಗೆ ತಂದನು. ಬೇಕಾದ ವಸ್ತುಗಳು ಎರಡೇ: ಉಪ್ಪುನೀರು, ಸುಣ್ಣದ ಕಲ್ಲು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಇಂಗಾಲಾಮ್ಲ ಅನಿಲ ಹೊರಡುತ್ತದೆ. ಅಮೋನಿಯ ತುಂಬಿದ ಉಪ್ಪುನೀರು ಎತ್ತರದ ಗೋಪುರದ ಮೇಲಿನಿಂದ ಇಳಿಯುತ್ತಿದ್ದರೆ ಈ ಅನಿಲ ಕೆಳಗಿನಿಂದ ಏರುತ್ತದೆ. ಎರಡೂ ಎದುರುಬದುರಾದಾಗ ಅಡಿಗೆ ಸೋಡದ ಹರಳುಗಳು ಕೆಳಗೆ ಬೀಳುತ್ತವೆ. ಅವನ್ನು ಕಾಯಿಸಿದರೆ ಸೋಡಾ ಆಶ್. ಗೃಹಸ್ಥನು ಅಡಿಗೆಮನೆಯ ಒಲೆಯಲ್ಲಿ ಒಂದು ಗಂಟೆ ಮಾಡುವ ಕೆಲಸ ಕಾರ್ಖಾನೆಯ ಈ ಕೊನೆಯ ಹಂತವೇ. ಇನ್ನು ಸುಟ್ಟ ಸುಣ್ಣವನ್ನು ಬಳಸಿ ಅಮೋನಿಯವನ್ನು ಮರಳಿ ಪಡೆಯುತ್ತಾರೆ. ಅಮೋನಿಯ ಮತ್ತೆ ಗೋಪುರಕ್ಕೆ ಹೋಗುತ್ತದೆ. ಕೊನೆಗೆ ಉಳಿಯುವುದು ಕ್ಯಾಲ್ಸಿಯಂ ಕ್ಲೋರೈಡ್.

ಲೆಕ್ಕವನ್ನು ಕೂಡಿಸಿ ನೋಡಿದರೆ ಸೋಜಿಗವಾಗುತ್ತದೆ. ಕಾರ್ಖಾನೆಯೊಳಕ್ಕೆ ಹೋದುದು ಉಪ್ಪು ಮತ್ತು ಸುಣ್ಣದ ಕಲ್ಲು. ಹೊರಕ್ಕೆ ಬಂದುದು ಸೋಡ ಮತ್ತು ಕ್ಯಾಲ್ಸಿಯಂ ಕ್ಲೋರೈಡ್. ಹವಳದ ತೊಟ್ಟಿಗೆ ಹಾಕುವ ಮೊದಲೆರಡು ಪಾತ್ರೆಗಳು ಇವೇ ತಾನೆ? ತೊಟ್ಟಿಯಲ್ಲಿ ಹವಳ ಈ ಎರಡರಿಂದ ಸುಣ್ಣದ ಕಲ್ಲನ್ನು ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಉಳಿಯುವುದು ಉಪ್ಪು. ಸೋಲ್ವೆಯ ಗೋಪುರ ಬಿಚ್ಚಿದ್ದನ್ನು ಗುಂಡುಸೂಜಿಯ ತಲೆಯಷ್ಟಿರುವ ಪ್ರಾಣಿಗಳು ಮತ್ತೆ ಹೆಣೆಯುತ್ತವೆ, ಒಲೆಯಿಲ್ಲದೆ, ಹೊಗೆಯಿಲ್ಲದೆ. ಸುಣ್ಣದ ಕಲ್ಲಿನ ಮೂಲವಾದರೂ ಬಹುಮಟ್ಟಿಗೆ ಎಂದೋ ಬಾಳಿದ ಕಡಲ ಜೀವಿಗಳ ಚಿಪ್ಪೇ. ಸೌರಾಷ್ಟ್ರದ ತೀರದಲ್ಲಿ ಮನೆ ಕಟ್ಟಲು ಬಳಸುವ ಮಿಲಿಯೊಲೈಟ್ ಕಲ್ಲಿಗೆ ಆ ಹೆಸರು ಬಂದುದೇ ಅದರಲ್ಲಿ ಹುದುಗಿರುವ ಅತಿಸಣ್ಣ ಚಿಪ್ಪುಗಳಿಂದ.

ಇದೇ ವಿದ್ಯೆಯನ್ನು ಇನ್ನೂ ಸರಳವಾಗಿ ಬಲ್ಲವರು ನಮ್ಮ ಕರಾವಳಿಯವರು. ಅಳಿವೆಗಳಲ್ಲಿ ಚಿಪ್ಪು ಆಯ್ದು, ಗೂಡಿನಲ್ಲಿ ಸುಟ್ಟು, ತಾಂಬೂಲಕ್ಕೂ ಗೋಡೆಗೂ ಸುಣ್ಣ ಮಾಡುವ ಕಸುಬು ಅಲ್ಲಿ ಬಹಳ ಹಳೆಯದು. ಹವಳ ಸಾಕುವವರಲ್ಲಿ ಕೆಲವರು ಸೋಡದ ಗೊಡವೆಯೇ ಬೇಡವೆಂದು ಶುದ್ಧವಾದ ಸುಣ್ಣದ ತಿಳಿನೀರನ್ನೇ ತೊಟ್ಟುತೊಟ್ಟಾಗಿ ಬಿಡುವುದುಂಟು. ಜರ್ಮನರು ರೂಢಿಗೆ ತಂದ ಪದ್ಧತಿಯಾದ್ದರಿಂದ ಅದಕ್ಕೆ ‘ಕಾಲ್ಕ್‌ವಾಸರ್’ ಎಂಬ ಜರ್ಮನ್ ಹೆಸರೇ ನಿಂತಿದೆ. ಅರ್ಥ ಮಾತ್ರ ‘ಸುಣ್ಣದ ನೀರು’ ಎಂದಷ್ಟೇ.

ಸೋಡದ ಕೈಗಾರಿಕೆಗೆ ತಕ್ಕಷ್ಟು ಕೊಳ್ಳುವವರು ಕ್ಯಾಲ್ಸಿಯಂ ಕ್ಲೋರೈಡಿಗೆ ಎಲ್ಲಿಯೂ ಇಲ್ಲ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಸಿರಾಕ್ಯೂಸ್ ಬಳಿ ಸೋಲ್ವೆಯ ಹೆಸರಿನದೇ ಊರೊಂದಿದೆ. ಅಲ್ಲಿನ ಸೋಡ ಕಾರ್ಖಾನೆ ೧೯೮೬ರಲ್ಲಿ ಮುಚ್ಚುವವರೆಗೆ ನೂರು ವರ್ಷ ಈ ಕ್ಲೋರೈಡಿನ ನೀರನ್ನೂ ಸುಣ್ಣದ ರಾಡಿಯನ್ನೂ ಒನಾಂಡಾಗಾ ಸರೋವರದತ್ತ ಹರಿಸಿ, ಆ ಸರೋವರ ಅಮೆರಿಕದ ಅತಿ ಮಲಿನವಾದ ಜಲಾಶಯಗಳಲ್ಲಿ ಒಂದೆನಿಸಿತು. ಮಿಠಾಪುರದಲ್ಲಿ ತಯಾರಿಕೆಯ ಘನರೂಪದ ಕಸವನ್ನು ಸಿಮೆಂಟಿಗೆ ಬಳಸುವ ಏರ್ಪಾಡು ಆಗಿದೆ. ಸೋಡವಿಲ್ಲದೆ ಕಿಟಕಿಗೆ ಗಾಜಿಲ್ಲ. ಹವಳದ ತೊಟ್ಟಿಗೂ ಗಾಜಿಲ್ಲ. ಆದರೆ ಸೋಡದ ಹಿಂದೆ ಬರುವ ಉಳಿಕೆಯನ್ನು ಎಲ್ಲಿಡಬೇಕೆಂಬ ಪ್ರಶ್ನೆ ಸೋಲ್ವೆಯ ಕಾಲದಿಂದ ಇಂದಿನವರೆಗೆ ಪೂರ್ತಿಯಾಗಿ ಬಗೆಹರಿದಿಲ್ಲ.

ನೀರಿಳಿದ ಹೊತ್ತು

ಸುಣ್ಣವನ್ನು ಬಿಚ್ಚುವ ಕಾರ್ಖಾನೆಯಿರುವ ಇದೇ ತೀರದಲ್ಲಿ ಸುಣ್ಣವನ್ನು ಕಟ್ಟುವ ಹವಳವೂ ಇದೆ. ಕಛ್ಛದ ಕೊಲ್ಲಿಯ ದಕ್ಷಿಣ ದಂಡೆಯ ಉದ್ದಕ್ಕೂ ಹರಡಿರುವ ಈ ದಿಬ್ಬಗಳು ಭಾರತದಲ್ಲಿಯೇ ಅತ್ಯಂತ ಉತ್ತರದವು. ೧೯೮೨ರಲ್ಲಿ ಇಲ್ಲಿನ ದ್ವೀಪಗಳನ್ನೂ ದಿಬ್ಬಗಳನ್ನೂ ಸೇರಿಸಿ ದೇಶದ ಮೊದಲನೆಯ ಸಾಗರ ರಾಷ್ಟ್ರೀಯ ಉದ್ಯಾನವನ್ನು ರಚಿಸಿದರು.

ಹವಳವನ್ನು ನೋಡಲು ಬೇರೆ ಕಡೆಗಳಲ್ಲಿ ನೀರಿಗೆ ಧುಮುಕಬೇಕು. ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿಯೂ ಹಾಗೆಯೇ. ಜಾಮನಗರದ ಪಶ್ಚಿಮಕ್ಕೆ ವಾಡಿನಾರಿನ ಬಳಿಯ ನರಾರದಲ್ಲಿ ಮಾತ್ರ ಆ ಕಷ್ಟವಿಲ್ಲ. ಕೊಲ್ಲಿಯಲ್ಲಿ ಉಬ್ಬರ ಇಳಿತಗಳ ಅಂತರ ಹಲವು ಮೀಟರುಗಳಷ್ಟಿರುವುದರಿಂದ, ನೀರಿಳಿದ ಹೊತ್ತಿನಲ್ಲಿ ಕಡಲಿನ ತಳವೇ ಬಯಲಾಗುತ್ತದೆ. ಅರಣ್ಯ ಇಲಾಖೆಯ ಪರವಾನಗಿ ಪಡೆದು, ದಾರಿ ಬಲ್ಲವನನ್ನು ಮುಂದಿಟ್ಟುಕೊಂಡು, ಹಳೆಯ ಬೂಟು ಮೆಟ್ಟಿ, ಮೊಳಕಾಲಿನ ಮಟ್ಟದ ನೀರಿನಲ್ಲಿ ಮುದುಕರೂ ಮಕ್ಕಳೂ ನಡೆದುಹೋಗಬಹುದು. ಮೆದುಳಿನ ಸುರುಳಿಯಂಥ ಹವಳದ ಗುಂಡುಗಳು, ಗಾಳಿಗೆ ತೊನೆಯುವ ಹೂವಿನಂತಿರುವ ಕಡಲ ಪ್ರಾಣಿಗಳು, ಮುಟ್ಟಿದರೆ ಚೆಂಡಿನಂತೆ ಉಬ್ಬುವ ಮೀನು, ಕಲ್ಲಿನ ಸಂದಿನಿಂದ ಇಣುಕುವ ಎಂಟು ಕೈಗಳ ಆಕ್ಟೋಪಸ್—ಇವೆಲ್ಲ ಕಾಲಬಳಿಯಲ್ಲಿಯೇ. ಹೊತ್ತಿನ ಲೆಕ್ಕ ಮಾತ್ರ ತಪ್ಪಬಾರದು. ನೀರು ಇಳಿದಷ್ಟೇ ಬೇಗ ಏರುತ್ತದೆ.

ನೋಡಬಹುದೇ ಹೊರತು ಒಂದು ಚೂರನ್ನೂ ಎತ್ತಿಕೊಳ್ಳುವಂತಿಲ್ಲ. ೨೦೦೧ರಿಂದ ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಹವಳಕ್ಕೂ. ತೊಟ್ಟಿಯ ಹವ್ಯಾಸಕ್ಕೆ ಮನಸೋತವರು ಇದನ್ನು ಮರೆಯಬಾರದು. ಲವಣಗಳನ್ನು ಅಂಗಡಿಯಿಂದ ತರಬಹುದು. ನಮ್ಮ ಕಡಲಿನ ಹವಳವನ್ನು ತರುವುದು ಅಪರಾಧ.

ಈ ಕಾಯಿದೆ ಬರುವುದಕ್ಕೆ ಮುನ್ನ ಕೊಲ್ಲಿಯ ಹವಳಕ್ಕೆ ಒದಗಿದ ಗತಿ ಸಂತೋಷದ್ದಲ್ಲ. ಸಿಮೆಂಟಿನ ತಯಾರಿಕೆಗೆಂದು ಹವಳದ ಮರಳನ್ನು ಯಂತ್ರಗಳಿಂದ ತೋಡಿದ ಕಾಲವೊಂದಿತ್ತು. ತೋಡಿದ ಕಡೆಯ ನಷ್ಟವಿರಲಿ, ಎದ್ದ ರಾಡಿ ದೂರದ ಹವಳದ ಮೇಲೂ ಕುಳಿತು ಉಸಿರುಕಟ್ಟಿಸಿತು. ಅನಂತರದ ದಶಕಗಳಲ್ಲಿ ಎಣ್ಣೆಯ ಹಡಗುಗಳೂ ಶುದ್ಧೀಕರಣ ಕೇಂದ್ರಗಳೂ ಈ ತೀರಕ್ಕೆ ಬಂದವು. ಮರದ ಕೊಂಬೆಯಂತೆ ಕವಲೊಡೆಯುವ ಹವಳದ ಜಾತಿ ಕೊಲ್ಲಿಯಿಂದ ಮರೆಯಾಯಿತು. ಅದು ಹಿಂದೆ ಇಲ್ಲಿ ಇತ್ತೆಂಬುದಕ್ಕೆ ಸತ್ತ ತುಂಡುಗಳೇ ಸಾಕ್ಷಿ.

೨೦೦೮ರಲ್ಲಿ ಮಿಠಾಪುರದ ಕಾರ್ಖಾನೆ, ಗುಜರಾತಿನ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಕೂಡಿಕೊಂಡು ಊರ ಮುಂದಣ ದಿಬ್ಬವನ್ನು ಚೇತರಿಸುವ ಕಾರ್ಯಕ್ಕೆ ತೊಡಗಿದವು. ಕವಲು ಹವಳದ ತುಂಡುಗಳನ್ನು ಲಕ್ಷದ್ವೀಪದಿಂದ ತಂದು ಇಲ್ಲಿ ನೆಡುವ ಪ್ರಯೋಗವೂ ನಡೆಯಿತು. ೨೦೨೦ರ ಜನವರಿಯಲ್ಲಿ ಭಾರತದ ಪ್ರಾಣಿ ಸರ್ವೇಕ್ಷಣ ಸಂಸ್ಥೆಯವರು ಮಿಠಾಪುರದಾಚೆ ಸುಮಾರು ಒಂದು ನಾಟಿಕಲ್ ಮೈಲಿ ದೂರದಲ್ಲಿ ಇನ್ನೊಂದು ಉಪಾಯವನ್ನು ಕಡಲಿಗಿಳಿಸಿದರು. ಉಕ್ಕಿನ ಚೌಕಟ್ಟಿನ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ತನ್ನು ಹರಿಸಿದರೆ, ನೀರಿನಲ್ಲಿ ಕರಗಿರುವ ಖನಿಜಗಳು ಆ ಉಕ್ಕಿನ ಮೇಲೆ ಸುಣ್ಣದ ಪದರವಾಗಿ ಕೂಡುತ್ತವೆ. ಅದರ ಮೇಲೆ ಕಟ್ಟಿದ ಹವಳದ ತುಂಡುಗಳು ಬೇಗ ಬೇರೂರುತ್ತವೆ. ವುಲ್ಫ್ ಹಿಲ್ಬರ್ಟ್ಸ್ ಎಂಬುವನು ಕಂಡುಹಿಡಿದ ಈ ವಿಧಾನಕ್ಕೆ ‘ಬಯೋರಾಕ್’ ಎಂದು ಹೆಸರು.

ಇಷ್ಟಾದರೂ ಒಂದು ಚಿಂತೆ ಉಳಿದೇ ಇದೆ. ೧೯೯೮ರಲ್ಲಿ ಹಿಂದೂ ಮಹಾಸಾಗರದ ನೀರು ಮಿತಿಮೀರಿ ಕಾದಾಗ ಲಕ್ಷದ್ವೀಪ ಮಾಲ್ಡೀವ್ಸ್‌ಗಳ ಹವಳ ವಿಶಾಲವಾಗಿ ಬಿಳಿಚಿಕೊಂಡಿತು. ಕೊಲ್ಲಿಯ ಹವಳವೂ ಪೂರ್ತಿ ಪಾರಾಗಲಿಲ್ಲ. ಗೂಡುಗಳಿಂದಲೂ ಗಾಡಿಗಳಿಂದಲೂ ಹೊರಡುವ ಇಂಗಾಲಾಮ್ಲದ ಒಂದು ಪಾಲನ್ನು ಕಡಲು ಹೀರಿಕೊಳ್ಳುತ್ತಿದೆ. ಹೀರಿದಷ್ಟೂ ನೀರಿನ ಕಾರ್ಬೊನೇಟು ಕುಗ್ಗುತ್ತದೆ. ಹವಳ ತನ್ನ ಪೀಠ ಕಟ್ಟುವ ಕೆಲಸ ಕಷ್ಟವಾಗುತ್ತದೆ. ತೊಟ್ಟಿಯ ಯಜಮಾನನಿಗೆ ಈ ಕಾಯಿಲೆ ಹೊಸದಲ್ಲ. ಅವನು ಸಂಜೆಗೊಮ್ಮೆ ನೀರನ್ನು ಪರೀಕ್ಷಿಸಿ, ಕುಂದಿದಷ್ಟು ಸೋಡವನ್ನು ಅಳೆದು ಹಾಕುತ್ತಾನೆ. ಕೊಲ್ಲಿಗೆ ಹಾಗೆ ಅಳೆದು ಹಾಕುವಷ್ಟು ಸೋಡ ಮಿಠಾಪುರದಲ್ಲಿಯೂ ಇಲ್ಲ, ಲೋಕದ ಯಾವ ಕಾರ್ಖಾನೆಯಲ್ಲಿಯೂ ಇಲ್ಲ.

ಹೋಗುವವರಿಗೆ

ಈ ಸೀಮೆಯನ್ನು ನೋಡಲು ಚಳಿಗಾಲವೇ ಸೊಗಸು. ರಣದಲ್ಲಿ ಆಗ ಅಗರಿಯರ ಮಡಿಗಳು ನಡೆಯುತ್ತಿರುತ್ತವೆ, ಚರಕಲಾದಲ್ಲಿ ಹಕ್ಕಿಗಳಿರುತ್ತವೆ. ನರಾರಕ್ಕೆ ಹೊರಡುವ ಮುನ್ನ ಇಳಿತದ ವೇಳೆಯನ್ನು ವಿಚಾರಿಸಿಕೊಳ್ಳಬೇಕು. ದ್ವಾರಕೆಗೆ ಬಂದವರು ದ್ವಾರಕಾಧೀಶನ ದರ್ಶನದೊಡನೆ, ನಮ್ಮ ಶೃಂಗೇರಿಯಂತೆಯೇ ಶಂಕರಾಚಾರ್ಯರು ಸ್ಥಾಪಿಸಿದರೆಂದು ನಂಬಿಕೆಯಿರುವ ಶಾರದಾಪೀಠವನ್ನೂ ನೋಡದೆ ಹಿಂದಿರುಗುವುದಿಲ್ಲ. ಓಖಾದಿಂದ ಬೇಟ್ ದ್ವಾರಕೆಗೆ ಹಿಂದೆ ದೋಣಿಯೇ ಗತಿಯಾಗಿತ್ತು. ೨೦೨೪ರ ಫೆಬ್ರವರಿ ೨೫ರಂದು ತೆರೆದ ಸುದರ್ಶನ ಸೇತುವೆಯಿಂದ ಈಗ ವಾಹನದಲ್ಲಿಯೇ ಕಡಲನ್ನು ದಾಟಬಹುದು.

ಬೇಟ್ ದ್ವಾರಕೆಗೆ ಶಂಖೋದ್ಧಾರವೆಂಬ ಹಳೆಯ ಹೆಸರೂ ಉಂಟು. ಶಂಖವೂ ಹವಳದಂತೆಯೇ ಕಡಲಿನ ನೀರಿನಿಂದ ಸುಣ್ಣವನ್ನು ಹೀರಿ ಕಟ್ಟಿಕೊಂಡ ಮನೆ. ಸೇತುವೆಯ ಮೇಲಿನಿಂದ ಒಂದು ಕಡೆ ಓಖಾ ಬಂದರಿನ ಮೀನುದೋಣಿಗಳು, ಇನ್ನೊಂದು ಕಡೆ ಕೊಲ್ಲಿಯ ತುಸು ಕದಡಿದ ಹಸಿರು ನೀರು ಕಾಣುತ್ತವೆ. ಸುಮಾರು ಹತ್ತು ಕಿಲೋಮೀಟರು ದೂರದ ಮಿಠಾಪುರದ ಕಡಲಿನಲ್ಲಿ, ಆ ನೀರಿನಡಿಯ ಉಕ್ಕಿನ ಚೌಕಟ್ಟಿಗೆ ಕೂದಲೆಳೆಯಷ್ಟು ದಪ್ಪದಲ್ಲಿ ಸುಣ್ಣ ಹತ್ತುತ್ತಿದೆ. ಅದರ ಮೇಲೆ ಹವಳ ಎಷ್ಟು ಬೆಳೆದಿದೆಯೆಂದು ಅಳೆಯಬೇಕಾದರೆ ವರ್ಷಗಟ್ಟಲೆ ಕಾಯಬೇಕು.